ಬಿರುಕಿನ ಮೇಲಿನ ಗಾಜು

ರೀಲಿನಲ್ಲಿ ಇನ್ನು ಮೂರೇ ಫೋಟೋ ಉಳಿದಿದ್ದಾಗ ಲಕ್ಷ್ಮೀಕಾಂತನಿಗೆ ಗಾಜಿನ ಮೂಲೆಯಲ್ಲಿ ಕುಂಕುಮ ಕಾಣಿಸಿತು.

ಕಡಬದ ಕೆರೆ ದಂಡೆಯ ಈ ಹೋಟೆಲು ತೊಂಬತ್ತರಲ್ಲಿ ತೆರೆದಾಗ ಭಾನುವಾರ ಕಾರು ನಿಲ್ಲಿಸಲು ಜಾಗವಿರುತ್ತಿರಲಿಲ್ಲವಂತೆ. ಎಂಟೇ ವರ್ಷಕ್ಕೆ ದೋಣಿಗಳು ಮಗುಚಿ ಬಿದ್ದಿದ್ದವು, ಬೋರ್ಡಿನ ಅಕ್ಷರಗಳು ಉದುರಿದ್ದವು, ಊಟದ ಹಾಲಿನ ಗೋಡೆ ನೆಲದಿಂದ ಸೂರಿನವರೆಗೆ ಬಿರುಕು ಬಿಟ್ಟಿತ್ತು. ದೀಪಾವಳಿಗೆ ಮತ್ತೆ ತೆರೆಯಲೇಬೇಕೆಂದು ಮಾಲೀಕ ಚನ್ನಬಸವಯ್ಯನ ಹಟ. ಜೂನ್‌ನಲ್ಲಿ ಬಂದ ಇಂಜಿನಿಯರು ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಅಂಟಿಸಿ, ಇದು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ, ಒಡೆಯದಿದ್ದರೆ ಭಯವಿಲ್ಲ ಎಂದು ಹೇಳಿ ಹೋಗಿದ್ದರು.

ತಿಂಗಳಿಗೊಮ್ಮೆ ತುಮಕೂರಿನಿಂದ ಬಂದು ಅದರ ಫೋಟೋ ತೆಗೆಯುವುದು ಲಕ್ಷ್ಮೀಕಾಂತನ ಕೆಲಸ. ಕಪ್ಪುಬಿಳುಪು ರೀಲಾದರೆ ತನ್ನ ಸ್ಟುಡಿಯೋದಲ್ಲೇ ತೊಳೆಯಬಹುದು. ಪ್ರತಿ ಪ್ರಿಂಟಿನಲ್ಲೂ ಗಾಜು ಗಟ್ಟಿಯಾಗಿತ್ತು. ತಿಂಗಳಿಗೊಂದು ಕಡೆ ಇರುತ್ತಿದ್ದ ಕರಿಚುಕ್ಕೆಯನ್ನು ಅವನು ಕೊಳೆ ಅಂದುಕೊಂಡಿದ್ದ. ಕಪ್ಪುಬಿಳುಪಿನಲ್ಲಿ ಕುಂಕುಮವೂ ಕರಿಯೇ ತಾನೆ.

ಇದೆಲ್ಲಿಂದ ಬಂತೆಂದು ಕಾವಲುಗಾರ ಬೆಟ್ಟಯ್ಯನನ್ನು ಕೇಳಿದ.

"ದೇವರ ಪಟದ್ದು ಸಾರ್. ಇಂಜಿನಿಯರು ಹಾಕಿದ್ದು ವಾರಕ್ಕೇ ಒಡೆದೋಯ್ತು. ಒಡೀದಿದ್ರೆ ಭಯ ಇಲ್ಲ ಅಂದಿದ್ರಲ್ಲ, ಅದ್ಕೆ ಒಡೆದಾಗೆಲ್ಲ ಪಟ ಬಿಚ್ಚಿ, ಅದ್ರ ಗಾಜು ಗುಬ್ಬೀಲಿ ಕುಯ್ಸಿ ತಂದು ಹಾಕ್ತೀನಿ. ಇದು ಐದನೇದು."

ಮುದುಕನ ಮುಖದಲ್ಲಿ ಹೆಮ್ಮೆಯಿತ್ತು. ಲಕ್ಷ್ಮೀಕಾಂತ ಕ್ಯಾಮೆರಾ ಕೆಳಗಿಳಿಸಿದ. ತನ್ನ ಪ್ರಿಂಟು ನೋಡಿಯೇ ಇಂಜಿನಿಯರು ಗೋಡೆ ಗಟ್ಟಿಯೆಂದು ಒಪ್ಪಿದ್ದು, ಅವರು ಒಪ್ಪಿದ ಮೇಲೆಯೇ ಬೆಟ್ಟಯ್ಯ ಗೋಡೆಯಾಚೆಯ ರೂಮನ್ನು ಬಾಣಂತಿ ಮಗಳು ಮಂಜುಶ್ರೀಗೆ ಬಿಟ್ಟುಕೊಟ್ಟಿದ್ದು. ಅಲ್ಲಿಂದ ತೊಟ್ಟಿಲ ಹಗ್ಗದ ಕಿರುಗುಟ್ಟುವ ಸದ್ದು ಕೇಳುತ್ತಿತ್ತು.

"ಯಜಮಾನ್ರೇ, ಮೊದ್ಲು ತಾಯಿ ಮಗೂನ ಆಚೆ ಕರ್ಕೊಂಡ್ ಬನ್ನಿ. ಈ ಗೋಡೆ ನಿಲ್ಲಲ್ಲ."

ಬೆಟ್ಟಯ್ಯ ತುಟಿಗೆ ಬೆರಳಿಟ್ಟ. "ಮೆತ್ತಗೆ ಸಾರ್. ಮಗ ಈಗಿನ್ನೂ ಕಣ್ಮುಚ್ಚೈತೆ. ಗಾಜು ನೋಡಿ, ನೆಟ್ಟಗೈತಲ್ಲ."

ಟಿಕ್ ಎಂದಿತು. ಬಾಣಲೆಯಲ್ಲಿ ಸಾಸಿವೆ ಸಿಡಿದಷ್ಟೇ ಸದ್ದು. ಕುಂಕುಮದಿಂದ ಕೆಳಕ್ಕೆ ಗಾಜಿನಲ್ಲಿ ಒಂದು ಗೆರೆ ಇಳಿದಿತ್ತು.

ಲಕ್ಷ್ಮೀಕಾಂತ ಓಡಿಹೋಗಿ ರೂಮಿನ ಬಾಗಿಲು ತಳ್ಳಿದ. ಬಾಣಂತಿಗೆ ಗಾಳಿ ತಾಗಬಾರದೆಂದು ಒಳಗಿನಿಂದ ಚಿಲಕ ಹಾಕಿತ್ತು. ಎರಡೂ ಕೈಯಿಂದ ಬಡಿದ. ಮಗು ಏಳುತ್ತದೆಂದು ಬೆಟ್ಟಯ್ಯ ಹಿಂದಿನಿಂದ ಗೊಣಗಿದ. ಆಮೇಲೆ ಮುದುಕ ಸ್ಟೂಲು ಎಳೆದುಕೊಂಡು ಹತ್ತಿ, ಹಾಲಿನಲ್ಲಿ ಉಳಿದಿದ್ದ ಕೊನೆಯ ಪಟದ ಒಣಗಿದ ಹಾರವನ್ನು ಹೂವು ಉದುರದಂತೆ ಮೆಲ್ಲಗೆ ತೆಗೆಯತೊಡಗಿದ.