ಆರು ಮನೆಯ ದುಂದು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಾನು ಕುಡಿಯುವ ಚಹಾದ ಮೇಲೆ ಜನ್ಮವಿಡೀ ಕೆನೆ ಕಟ್ಟಲಿ. ನಡೆದದ್ದು ಎರಡು ಸಾವಿರದ ಮೂರನೇ ಇಸವಿಯ ಜನವರಿಯಲ್ಲಿ, ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ, ಟ್ರಾಮಿನ ಕೊನೇ ಸ್ಟಾಪಿನ ಹಿಂದಿರುವ ಮೂರು ಮಹಡಿಯ ಕಟ್ಟಡದಲ್ಲಿ. ನಂಬಿಕೆ ಬಾರದವರು ಹೋಗಿ ಅದರ ಗೋಡೆ ಮುಟ್ಟಿ ನೋಡಬಹುದು. ಇನ್ನೂ ಬೆಚ್ಚಗಿದೆ.

ಜಗನ್ನಾಥ ಧಾರವಾಡದವನು. ಕಂಪ್ಯೂಟರಿನವರಿಗೆಂದು ಆ ದೇಶ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಪ್ರೋಗ್ರಾಂ ಬರೆಯಲು ಬಂದಿದ್ದ. ದೀಪಾವಳಿ ಮುಗಿದ ವಾರ ಅವನ ಕಂಪನಿ ದಿವಾಳಿಯಾಯಿತು. ಕುರ್ಚಿಗಳನ್ನು ಹರಾಜು ಹಾಕಿದಾಗ ಅವನ ಕುರ್ಚಿಯೂ ಹೋಯಿತು. ಅವನಿನ್ನೂ ಅದರ ಮೇಲೆ ಕೂತಿದ್ದ. ವೀಸಾ ಕೊಡುವ ಸರಕಾರಿ ಕಚೇರಿ ಆಮ್ಟ್‌ನಿಂದ ಕಾಗದ ಬಂತು: ಫೆಬ್ರವರಿ ಇಪ್ಪತ್ತೆಂಟರೊಳಗೆ ಹೊಸ ಕೆಲಸದ ಪತ್ರ ತೋರಿಸಿ, ಇಲ್ಲವೇ ದೇಶ ಬಿಡಿ. ಹೆಂಡತಿ ವೈದೇಹಿಗೆ ಆಗ ಆರು ತಿಂಗಳು. ಹಾಸಿಗೆ ಬಿಟ್ಟು ಏಳಬೇಡಿ, ವಿಮಾನದ ಹೆಸರೆತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಇರಲು ಒಂದು ಕಚೇರಿ ಬಿಡದು, ಹೋಗಲು ಇನ್ನೊಬ್ಬರು ಬಿಡರು. ನಡುವೆ ಜಗನ್ನಾಥ, ನಿದ್ದೆಯಿಲ್ಲದೆ, ನೂರಾ ಹನ್ನೊಂದು ಅರ್ಜಿ ಬರೆದು ನೂರಾ ಹನ್ನೊಂದು ವಿಷಾದಪತ್ರ ಪಡೆದಿದ್ದ.

ನೂರಾ ಹನ್ನೆರಡನೆಯದು ಊರಿನ ಹವಾಮಾನ ನಿಧಿಗೆ ಹೋಯಿತು. ಒಂದು ಕಟ್ಟಡದ ನೆರೆಹೊರೆಯವರು ಸೇರಿ ಕರೆಂಟು, ಗ್ಯಾಸು ಕಡಿಮೆ ಉರಿಸುವುದಾದರೆ, ಅದರ ಲೆಕ್ಕ ಇಡುವ ಪ್ರೋಗ್ರಾಂ ಬರೆಯಲು ಒಬ್ಬನಿಗೆ ಸರಕಾರವೇ ಒಂದು ವರ್ಷ ಸಂಬಳ ಕೊಡುತ್ತಿತ್ತು. ಕಂಪ್ಯೂಟರ್ ಕೆಲಸ! ವೀಸಾಕ್ಕೆ ಸಾಕು. ಅವನಿದ್ದ ಕಟ್ಟಡದ ಆರು ಮನೆಗಳಲ್ಲೂ ಕನ್ನಡದವರೇ. ಆರೂ ಸಹಿ ಬಿದ್ದವು.

ನಿಧಿಯ ಅಧಿಕಾರಿಣಿ ಫ್ರಾವ್ ಲಿಂಡ್ನರ್ ಬಂದು ನೆಲಮಾಳಿಗೆಯ ಮೀಟರುಗಳ ಮುಂದೆ ಬಹಳ ಹೊತ್ತು ನಿಂತಳು.

"ಹೆರ್ ಜಗನ್ನಾಥ, ಕಳೆದ ಚಳಿಗಾಲದಲ್ಲಿ ಮೀಟರ್ ಕೆಟ್ಟಿದೆ ಅಂತ ಎರಡು ಸಲ ಬದಲಾಯಿಸಿದ್ದಾರೆ. ಕೆಟ್ಟಿರಲಿಲ್ಲ. ನೀವು ಉರಿಸುವುದೇ ಇಷ್ಟು ಕಡಿಮೆ. ಇದರಲ್ಲಿ ಕಡಿಮೆ ಮಾಡುವುದು ಏನನ್ನು?"

ಜಗನ್ನಾಥನ ಮುಖ ನೋಡಿ ಆಕೆಗೆ ಪಾಪ ಅನ್ನಿಸಿರಬೇಕು. ಜನವರಿ ಪೂರ್ತಿ ಹೊಸದಾಗಿ ಅಳೆಯೋಣ, ಆರೂ ಮನೆ ಸೇರಿ ಸಾಧಾರಣ ಜರ್ಮನ್ ಕಟ್ಟಡದಷ್ಟು ಉರಿಸಿದರೆ ಅರ್ಜಿ ಉಳಿಯುತ್ತದೆ ಎಂದಳು.

ಅಂದೇ ಮೆಟ್ಟಿಲ ಮೇಲೆ ಸಭೆ. ಜಗನ್ನಾಥ ಕೈಮುಗಿದ. "ಒಂದ ತಿಂಗಳ ದುಂದು ಮಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ಎದುರುಮನೆಯ ಉಡುಪಿಯ ದೇವದಾಸ್ ತಲೆ ಕೆರೆದುಕೊಂಡರು. "ಎಂಥ ಮಾರಾಯ, ಈ ದೇಶಕ್ಕೆ ಬಂದು ಮೂವತ್ತು ವರ್ಷ ಆಯ್ತು. ಹೀಟರನ್ನು ಎರಡನೇ ನಂಬರಿನ ಮೇಲೆ ತಿರುಗಿಸಿದವ ಅಲ್ಲ ನಾನು. ಕೈ ಬರುವುದಿಲ್ಲ."

"ನಿಮ್ಮ ಕೈ ಬರದಿದ್ದರೆ ನನ್ನ ಕೈ ಉಂಟು," ಎಂದರು ಹೆಂಡತಿ ಸಿಸಿಲಿಯಾ. "ಆ ಬಸುರಿ ಹುಡುಗಿಯ ಮುಖ ನೋಡಿಯಾದರೂ ಸುಮ್ಮನಿರಿ."

ಜಗನ್ನಾಥ ಮನೆಯ ಹೀಟರುಗಳನ್ನೆಲ್ಲ ಐದಕ್ಕೆ ತಿರುಗಿಸಿ, ಮುಂದಿನ ಕೋಣೆಯ ಕಿಟಕಿ ತೆರೆದ. ಖಾಲಿ ಓವನ್ ಕಾಯಿಸಿದ. ಎರಡೇ ಕರವಸ್ತ್ರ ಹಾಕಿ ವಾಷಿಂಗ್ ಮಷಿನ್ ತಿರುಗಿಸಿದ. ಬಾಣಂತನಕ್ಕೆ ಬಂದಿದ್ದ ಅತ್ತೆ ಸುಶೀಲಾಬಾಯಿ ಹಿಂದಿನಿಂದ ಒಂದೊಂದಾಗಿ ಆರಿಸುತ್ತಾ ಬಂದರು.

"ಜಗನ್ನಾಥರಾವ್, ಕಿಟಕಿ ತಗದು ಹೀಟರ್ ಹಚ್ಚೀರಿ? ಓಣಿ ಕಾಸ್ಲಿಕ್ಕತ್ತೀರೇನು?"

"ಹೌದ್ರಿ ಅತ್ತಿ. ನಿಮ್ಮ ಮಗಳ ಸಲುವಾಗಿ ಓಣೀನ ಕಾಸ್ಲಿಕ್ಕತ್ತೀನಿ."

ಅತ್ತೆ ಅತ್ತರು. ಹಗಲಿಡೀ ಉರಿಯುವ ದೀಪ ನೋಡಿದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಜಗನ್ನಾಥ ಸ್ವಿಚ್ಚುಗಳ ಮೇಲೆಲ್ಲ ಟೇಪು ಅಂಟಿಸಿದ. ಕಡೆಗೆ ಅವರು, ಇಷ್ಟು ಶಾಖ ಹಾಳಾಗಬಾರದೆಂದು ಹೀಟರಿನ ಮೇಲೆ ಸಂಡಿಗೆ ಒಣಗಿಸತೊಡಗಿದರು.

ಹತ್ತು ದಿನಕ್ಕೆ ಓಣಿಯ ಹಿಮ ಕರಗಿತು. ಹದಿನೈದಕ್ಕೆ ಕಿಟಕಿಯ ಕೆಳಗೆ ಟ್ಯೂಲಿಪ್ ಅರಳಿತು. ಪಕ್ಕದ ಬೀದಿಯ ಮುದುಕಿಯರು ಕುರ್ಚಿ ತಂದು, ಕೋಟು ಬಿಚ್ಚಿ, ಗೋಡೆಗೊರಗಿ ಐಸ್‌ಕ್ರೀಮ್ ತಿಂದರು. ಆಫ್ರಿಕಾಕ್ಕೆ ಹೋಗಿದ್ದ ಕೊಕ್ಕರೆಯೊಂದು ಅರ್ಧ ದಾರಿಯಿಂದ ತಿರುಗಿ ಬಂದು ಚಿಮಣಿಯ ಮೇಲೆ ಕೂತಿತು. ಇದನ್ನು ಕಣ್ಣಾರೆ ಕಂಡವರಿದ್ದಾರೆ, ಸದ್ಯ ಊರಲ್ಲಿಲ್ಲ.

ನೆರೆಯವರೂ ಬರತೊಡಗಿದರು. ಸಿಸಿಲಿಯಾ ಕೇಕಿನ ಹಿಟ್ಟು ತಂದರು. ದೇವದಾಸ್ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಸ್ನಾನಕ್ಕೆ ಬಂದರು, ಸ್ನಾನವಾದ ಮೇಲೆ ಶರ್ಟುಗಳನ್ನು ಇಸ್ತ್ರಿ ಮಾಡಿಕೊಂಡರು. ಮೇಲಿನವರ ಮಕ್ಕಳು ಹೋಮ್‌ವರ್ಕ್ ಹರಡಿಕೊಂಡರು. ಹಾಸಿಗೆಯಲ್ಲಿದ್ದ ವೈದೇಹಿಗೆ ಬೇಸರ ಕಳೆಯಲು ಬರುತ್ತಾರೆಂದು ಜಗನ್ನಾಥನ ಕಣ್ಣು ತುಂಬಿತು. ಎಂಥ ಜನ!

ಮೂವತ್ತೊಂದನೇ ತಾರೀಖು ಜಗನ್ನಾಥ ಫ್ರಾವ್ ಲಿಂಡ್ನರ್ ಜೊತೆ ನೆಲಮಾಳಿಗೆಗೆ ಇಳಿದ. ಅವನ ಮೀಟರು ಗಿರಣಿಯಂತೆ ತಿರುಗುತ್ತಿತ್ತು. ಉಳಿದ ಐದು ಮೀಟರು ಸತ್ತಂತೆ ನಿಂತಿದ್ದವು.

ಆಕೆ ಎರಡು ಸಲ ಕೂಡಿಸಿದಳು. "ಕಳೆದ ಜನವರಿಗಿಂತ ಮೂರನೇ ಒಂದು ಭಾಗ ಕಡಿಮೆ! ಹೇಗೆ ಮಾಡಿದಿರಿ?"

ಜಗನ್ನಾಥ ಮೆಟ್ಟಿಲು ಹಾರಿ ಮೇಲೆ ಓಡಿದ. ಅವನ ಓವನಿನಲ್ಲಿ ದೇವದಾಸರ ಮೀನು ಬೇಯುತ್ತಿತ್ತು.

"ನಿಮ್ಮ ಮನಿ ಹೀಟರ್ ಯಾಕ ಹಚ್ಚಿಲ್ಲ ಅಂಕಲ್?"

"ಅದು ಯಾಕೆ ಮಾರಾಯ?" ಎಂದರು ದೇವದಾಸ್, ನಿಜಕ್ಕೂ ಅರ್ಥವಾಗದೆ. "ಹೇಗೂ ನಿಮ್ಮಲ್ಲಿ ಉರೀತಾ ಉಂಟಲ್ಲ. ಅಲ್ಲಿ ಬೇರೆ ಉರಿಸಿದರೆ ದುಂದಲ್ವಾ?"

ಹಿಂದೆಯೇ ಬಂದ ಫ್ರಾವ್ ಲಿಂಡ್ನರ್ ಒಂದೇ ಕೋಣೆಯಲ್ಲಿದ್ದ ಹತ್ತೊಂಬತ್ತು ಜನರನ್ನು ಎಣಿಸಿದಳು. ಜಗನ್ನಾಥ ಎಲ್ಲ ಹೇಳಿದ. ಬೇಕೆಂದೇ ಹಾಳು ಮಾಡಿದೆವು, ಕಿಟಕಿ ತೆರೆದಿಟ್ಟೆವು, ಹೊಟ್ಟೆಯಲ್ಲಿರುವ ಮಗುವಿನಾಣೆ, ನಾವು ಕೆಟ್ಟವರು, ನಮ್ಮನ್ನು ತಿದ್ದಲು ಹಣ ಕೊಡಿ ಎಂದು ಬೇಡಿದ. ಆಕೆ ಕಣ್ಣೊರೆಸಿಕೊಂಡಳು. ಇಷ್ಟು ವಿನಯವನ್ನು ತನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಕಂಡಿಲ್ಲವೆಂದಳು. ಚೌಕಟ್ಟು ಹಾಕಿದ ಪ್ರಶಸ್ತಿಪತ್ರ ಕಳಿಸುತ್ತೇನೆ, ಆದರೆ ಇನ್ನೂ ಉಳಿಸಬೇಕಾದವರಿಗೆ ಮಾತ್ರ ಹಣ, ನಿಯಮ ಹಾಗಿದೆ ಎಂದಳು.

ಫೆಬ್ರವರಿ ಇಪ್ಪತ್ತೆಂಟಕ್ಕೆ ಜಗನ್ನಾಥ ಆ ಚೌಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಆಮ್ಟ್‌ಗೆ ಹೋದ. ಕೆಲಸದ ಪತ್ರದ ಬದಲು ಅದನ್ನೇ ಮೇಜಿನ ಮೇಲಿಟ್ಟ. ಅಧಿಕಾರಿ ಓದಿದ, ಡಾಕ್ಟರ ಚೀಟಿಯನ್ನೂ ಓದಿದ, ಠಸ್ಸೆ ಒತ್ತಿದ. ಮಗುವಿಗೆ ಮೂರು ತಿಂಗಳು ತುಂಬುವವರೆಗೆ ಇರಬಹುದು. ಆಮೇಲೆ ಮೂವರೂ ಹೊರಡಬೇಕು. ಜಗನ್ನಾಥ ಟ್ರಾಮಿನಲ್ಲಿ ಮಾರ್ಚ್‌ನಿಂದ ಜುಲೈವರೆಗೆ ಬೆರಳು ಎಣಿಸುತ್ತಾ ಮನೆಗೆ ಬಂದ. ಅತ್ತೆ ಸ್ವಿಚ್ಚುಗಳ ಟೇಪು ಕಿತ್ತು, ಒಂದೊಂದೇ ಆರಿಸಿದರು. ಈ ಸಲ ಅವನು ತಡೆಯಲಿಲ್ಲ.

ಏಪ್ರಿಲ್‌ನಲ್ಲಿ ಮಗು ಹುಟ್ಟಿತು. ಹೆಣ್ಣು. ಹೆರಿಗೆ ಕೋಣೆಯಲ್ಲಿ ಎಂಟು ದೊಡ್ಡ ದೀಪ ಧಗಧಗ ಉರಿಯುತ್ತಿದ್ದವು. ಮಗು ಅಳಲಿಲ್ಲ. ಸುತ್ತ ಒಮ್ಮೆ ನೋಡಿತು, ನರ್ಸಿನ ಕೈಯಿಂದಲೇ ಬಗ್ಗಿ, ಗೋಡೆಯ ಮೇಲಿದ್ದ ಸ್ವಿಚ್ಚಿಗೆ ಪುಟ್ಟ ಬೆರಳು— ಯಾಕ್ರೀ, ಎದ್ದೇಬಿಟ್ರಿ? ಚಪ್ಪಲಿ ಯಾಕ ಮೆಟ್ಟೀರಿ? ನರ್ಸಿನ ಹೆಸರು ಬೇಕಾದ್ರ ಹೇಳ್ತೀನಿ, ಕೂಡ್ರಿ. ಆತು ಬಿಡ್ರಿ, ಹೋಗೋದಾದ್ರ ಹೋಗ್ರಿ, ಆದ್ರ ಹೋಗೂಮುಂದ ಆ ಬಾಗಿಲ ಹತ್ರದ ಲೈಟು ಒಂದಿಷ್ಟು ಆರಿಸ್ರಿ.