ಕಿವಿ ಮುಟ್ಟದ ಕೈ

1958ರ ಜೂನ್ ಎರಡು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಹೊಸಬಾಳೆಯ ಶಾಲೆಯಲ್ಲಿ ದುರ್ಗಮ್ಮ ಮಗಳ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿಯತ್ತ ಎಳೆಯುತ್ತಿದ್ದಳು. ಬೆರಳು ಕಿವಿಯ ಮೇಲಿನ ಕೂದಲವರೆಗೆ ಬಂದು ನಿಂತಿತು.

"ಎಳದ್ರೆ ಕೈ ಉದ್ದ ಆಗಾದಿಲ್ಲ ಅವ್ವಾ," ಎಂದಳು ಬಂಗಾರಿ, ಹಲ್ಲು ಕಚ್ಚಿಕೊಂಡು.

ಹುಟ್ಟಿದ ತಾರೀಖನ್ನು ಯಾರೂ ಬರೆದಿಡದ ಊರು. ಕೈ ಕಿವಿ ಮುಟ್ಟಿದರೆ ಮಗುವಿಗೆ ಶಾಲೆ ಸೇರುವ ವಯಸ್ಸಾಯಿತು, ಬುದ್ಧಿ ಬಂತು, ಮುಟ್ಟದಿದ್ದರೆ ಇಲ್ಲ. ರಘುಪತಿ ಮೇಷ್ಟ್ರು ಮುಂದಿನ ವರ್ಷ ಕರೆತರಲು ಹೇಳಿದರು. ಈ ಸಲ ಸೇರಿಸಿಕೊಳ್ಳದಿದ್ದರೆ ಹುಡುಗಿ ನಾಳೆಯಿಂದಲೇ ಎಮ್ಮೆ ಕಾಯಲಿ ಎಂದು ಗಂಡ ಸಣ್ಣಪ್ಪ ಹೇಳಿಯಾಗಿತ್ತು. ಎಮ್ಮೆಯ ಹಿಂದೆ ಹೋದ ಹುಡುಗಿಯೊಬ್ಬಳು ಶಾಲೆಗೆ ತಿರುಗಿ ಬಂದದ್ದನ್ನು ದುರ್ಗಮ್ಮ ಕಂಡಿರಲಿಲ್ಲ.

ಆಗಷ್ಟೇ ಸೇರಿದ ಪಟೇಲರ ಮೊಮ್ಮಗ ಬಾಗಿಲ ಬಳಿ ಅಳುತ್ತಿದ್ದ. ಬಂಗಾರಿಗಿಂತ ಒಂದು ವರ್ಷ ಚಿಕ್ಕವನು. ಕೈ ಮಾತ್ರ ಉದ್ದ. ಹೊಸದಾಗಿ ಸೇರಿದವರಿಗೆ ಹಂಚಿದ ಬೆಲ್ಲದಲ್ಲಿ ಪಕ್ಕದವನಿಗೆ ಎರಡು ಚೂರು, ತನಗೆ ಒಂದೇ ಎಂಬುದು ಅವನ ದುಃಖ. ಮೇಷ್ಟ್ರು ಎದ್ದು ಹೋಗಿ ಅವನ ಬೆಲ್ಲವನ್ನೂ ಎರಡಾಗಿ ಮುರಿದುಕೊಟ್ಟರು. ಅಳು ತಟ್ಟನೆ ನಿಂತಿತು. ಬಂಗಾರಿ ಕಿಸಕ್ಕನೆ ನಕ್ಕಳು.

ಯಾಕೆ ನಗುವೆ ಎಂದು ಮೇಷ್ಟ್ರು ಕೇಳಿದರು.

"ಮುರದ್ರೆ ಬೆಲ್ಲ ಹೆಚ್ಚಾಗ್ತದಾ? ಕೂಡ್ಸಿದ್ರೆ ಮತ್ತೆ ಅಷ್ಟೇ ಅಲ್ವಾ?"

ದುರ್ಗಮ್ಮ ಮೇಷ್ಟ್ರ ಮುಂದೆ ಬಂದು ನಿಂತಳು. "ಹೋದ ವರ್ಷ ಇವಳೂ ರೊಟ್ಟಿ ಮುರದು ಎರಡು ಮಾಡಿಕೊಡು ಅಂತ ಹಿಂಗೇ ರಂಪ ಮಾಡ್ತಿದ್ಲು. ಈಗ ನಗ್ತಾಳೆ. ಈ ವರ್ಷದಾಗೆ ಬೆಳದಿದ್ದು ಕೈಯಾ, ತಲೆಯಾ, ನೀವೇ ಹೇಳ್ರಿ ಮೇಷ್ಟ್ರೇ."

ಮೇಷ್ಟ್ರು ಮೇಜಿನ ಕಡೆ ನೋಡುತ್ತ ಹೇಳಿದರು: "ಇನ್‌ಸ್ಪೆಕ್ಟರು ಬಂದಾಗ ನೋಡೋದು ಕಿವೀನೇ ಕಣಮ್ಮ. ತಲೆ ನೋಡೋ ಪದ್ಧತಿ ಇಲ್ಲ."

"ಹಂಗಾದ್ರೆ ಹೆಸರು ಬರೀಬ್ಯಾಡಿ. ಜಗಲೀಲಿ ನಿಂತ್ಕಳಾಕೆ ಯಾವ ಕಿವಿ ಬೇಕು? ಎಮ್ಮೆ ನಾ ಕಾಯ್ತೀನಿ. ಅವರಪ್ಪ ಬಂದು ಕೇಳಿದ್ರೆ ಹಂಗೇ ಹೇಳ್ರಿ."

ಮಗಳ ರಟ್ಟೆ ಹಿಡಿದು ಹೊರಜಗಲಿಗೆ ಕರೆದೊಯ್ದು ಕಿಟಕಿಯ ಮುಂದೆ ನಿಲ್ಲಿಸಿದಳು. ಸಂಜೆಯವರೆಗೆ ಕದಲಕೂಡದೆಂದು ಹೇಳಿ, ಸೆರಗು ಬಿಗಿದು, ತಿರುಗಿ ನೋಡದೆ ಹೊರಟುಹೋದಳು.

ಒಳಗೆ ಮಕ್ಕಳು ಅಕ್ಷರಗಳನ್ನು ಕೂಗತೊಡಗಿದರು. ಬಂಗಾರಿ ಅರೆ ಮುಚ್ಚಿದ್ದ ಕಿಟಕಿಯ ಬಾಗಿಲನ್ನು ಪೂರ್ತಿ ನೂಕಿದಳು. ಒಳಗಿನಿಂದ ಯಾರೂ ಅದನ್ನು ಮುಚ್ಚಲಿಲ್ಲ. ಅವಳು ತುದಿಗಾಲಲ್ಲಿ ನಿಂತು ಕಿಟಕಿಯ ಕಟ್ಟೆಯ ಮೇಲೆ ಗಲ್ಲವಿಟ್ಟಳು. ಕಟ್ಟೆ ಜಗಲಿಯ ನೆಲದಿಂದ ಮೂರು ಅಡಿ ಒಂದು ಇಂಚು ಎತ್ತರವಿತ್ತು; ಅದನ್ನು ಅವಳು ಮುಟ್ಟಿದ್ದಳು.