ಭಟ್ಟಿಯಲ್ಲಿ ಹುಟ್ಟಿದ ಏಳು ಹರಳು

ಇಳಕಲ್ಲಿನ ಹೊರಗಿನ ಒಂದು ಕೆಂಪು ಕಲ್ಲಿನ ಕ್ವಾರಿಯಲ್ಲಿ ಪಾಂಡಪ್ಪ ಹತ್ತೊಂಬತ್ತು ವರ್ಷ ಕಲ್ಲಿಗೆ ತೂತು ಕೊರೆದ. ಮೂಗು ಬಾಯಿಗೆ ಕಟ್ಟಿಕೊಳ್ಳಲು ಅವನಿಗೆ ಏನೂ ಕೊಡಲಿಲ್ಲ. ಎದೆಯೊಳಗೆ ಕಲ್ಲಿನ ಧೂಳು ತುಂಬಿ ನಲವತ್ತೇಳನೆಯ ವಯಸ್ಸಿಗೆ ಸತ್ತ. ಆಸ್ಪತ್ರೆಯ ಚೀಟಿಯಲ್ಲಿ ಟಿ.ಬಿ. ಎಂದು ಬರೆದರು.

ಪಾಂಡಪ್ಪ ನನ್ನ ಅಪ್ಪ. ಅವನು ಹೋಗಿ ಹತ್ತು ವರ್ಷವಾಯಿತು.

ಈಗ ನಾನು ಬಾಗಲಕೋಟೆಯ ನವನಗರದಲ್ಲಿ ಒಂದು ಬಂಗಾರದ ಅಂಗಡಿಯಲ್ಲಿ ಹರಳು ಪರೀಕ್ಷೆ ಮಾಡುತ್ತೇನೆ. ನನ್ನ ಮುಂದಿನ ಗಾಜಿನ ಕಪಾಟಿನಲ್ಲಿ ಎರಡು ತಟ್ಟೆಗಳಿವೆ. ಒಂದರಲ್ಲಿ ಗಣಿಯಿಂದ ತೆಗೆದ ವಜ್ರ, ಇನ್ನೊಂದರಲ್ಲಿ ಲ್ಯಾಬಿನಲ್ಲಿ ಬೆಳೆಸಿದ ವಜ್ರ. ಎರಡೂ ವಜ್ರವೇ. ಬರಿಗಣ್ಣಿಗೆ ನನಗೂ ಯಾವುದು ಯಾವುದೆಂದು ತಿಳಿಯುವುದಿಲ್ಲ, ಮಷಿನ್ನೇ ಹೇಳಬೇಕು. ಬೆಲೆಯಲ್ಲಿ ಮಾತ್ರ ಒಂದು ಆನೆ, ಒಂದು ಇರುವೆ. ಗಣಿಯದು ಕೋಟಿ ಕೋಟಿ ವರ್ಷ ಭೂಮಿಯ ಹೊಟ್ಟೆಯಲ್ಲಿತ್ತು, ಅದಕ್ಕೇ ಆ ಬೆಲೆ ಎಂದು ಗಿರಾಕಿಗಳಿಗೆ ಹೇಳಬೇಕೆಂದು ಅಂಗಡಿಯ ಸಾವ್ಕಾರರು ಕಲಿಸಿದ್ದಾರೆ. ಹೇಳುತ್ತೇನೆ, ಅದು ಸುಳ್ಳಲ್ಲ. ಆದರೆ ಆ ಹೊಟ್ಟೆಯೊಳಗೆ ಇಳಿದು ತೆಗೆದವನು ಯಾರು, ಅವನ ಎದೆ ಈಗ ಹೇಗಿದೆ ಎಂದು ಇವತ್ತಿನವರೆಗೆ ಒಬ್ಬ ಗಿರಾಕಿಯೂ ಕೇಳಿಲ್ಲ. ಪರೀಕ್ಷೆ ಮಾಡಿ ನಾನು ಬರೆದುಕೊಡುವ ಕಾರ್ಡಿನಲ್ಲಿ ತೂಕ, ಬಣ್ಣ, ಕಲೆ, ಕತ್ತರಿಸಿದ ರೀತಿ ಎಲ್ಲಕ್ಕೂ ಜಾಗವಿದೆ. ಅವನಿಗಿಲ್ಲ.

ಒಮ್ಮೆ ಗುಳೇದಗುಡ್ಡದ ಮುದುಕಿಯೊಬ್ಬಳು ಎರಡೂ ತಟ್ಟೆಗಳನ್ನು ನೋಡಿ, ಇದು ಕಟಗಿ ಒಲಿ ರೊಟ್ಟಿ, ಅದು ಗ್ಯಾಸಿನ ರೊಟ್ಟಿ, ಹಿಟ್ಟ ಒಂದ ಅಲ್ಲೇನವಾ ಎಂದಳು. ಸಾವ್ಕಾರರೂ ನಕ್ಕರು.

ಹರಳಿನ ವಿದ್ಯೆಯನ್ನು ನನಗೆ ಕೊಟ್ಟವರು ಇಳಕಲ್ಲಿನ ರಾಜಮಹ್ಮದ ಚಾಚಾ. ಬಜಾರಿನ ತಿರುವಿನಲ್ಲಿ ಒಂದು ಕಟ್ಟೆ, ಒಂದು ದೀಪ, ಒಂದು ತಗಡಿನ ಡಬ್ಬಿ. ಮೂಗುಬಟ್ಟಿಗೆ, ಬೆಂಡೋಲೆಗೆ ಹರಳು ಕೂರಿಸುವುದು ಅವರ ಕೆಲಸ. ಅಪ್ಪ ಸತ್ತ ಮೂರನೆಯ ತಿಂಗಳು ಅವರೇ ನಮ್ಮ ಮನೆಗೆ ಬಂದು, ನನ್ನ ಕಣ್ಣು ಮಂಜಾಗಿವೆ, ನಿನ್ನ ಹಿರಿಯ ಮಗಳು ಮಹೇಶ್ವರಿಯನ್ನು ರವಿವಾರಕ್ಕೊಮ್ಮೆ ಕಳಿಸಿಕೊಡು ಎಂದು ಅವ್ವನನ್ನು ಕೇಳಿದರು. ಅವರ ಕಣ್ಣಿಗೆ ಏನೂ ಆಗಿರಲಿಲ್ಲ ಎಂಬುದು ನನಗೆ ತಿಳಿದದ್ದು ವರ್ಷದ ಮೇಲೆ. ಅಷ್ಟರಲ್ಲಿ ಭೂತಗನ್ನಡಿ ನನ್ನ ಕೈಗೆ ಬಂದಿತ್ತು.

ಗಣಿಯ ಕೆಂಪಿನೊಳಗೆ, ಅಂದರೆ ಮಾಣಿಕ್ಯದೊಳಗೆ, ರೇಷ್ಮೆಯಂಥ ಎಳೆಗಳಿರುತ್ತವೆ ಎಂದು ಕಲಿಸಿದರು. ಇಳಕಲ್ಲಿನ ಹುಡುಗಿಗೆ ರೇಷ್ಮೆ ಎಂದರೆ ಏನೆಂದು ಹೇಳಿಕೊಡಬೇಕಾಗಿರಲಿಲ್ಲ. ಮನುಷ್ಯ ಭಟ್ಟಿಯಲ್ಲಿ ಕರಗಿಸಿ ಬೆಳೆಸಿದ ಕೆಂಪಿನಲ್ಲಿ ಆ ಎಳೆ ಇರುವುದಿಲ್ಲ, ಬಿಲ್ಲಿನಂತೆ ಬಾಗಿದ ಗೆರೆಗಳಿರುತ್ತವೆ, ನಡುವೆ ಒಂದೆರಡು ಗಾಳಿಗುಳ್ಳೆ. ಅದು ಗಾಜಲ್ಲ, ಅದೂ ಕೆಂಪೇ, ನೂರು ವರ್ಷದಿಂದ ಜನ ಮಾಡುತ್ತ ಬಂದಿದ್ದಾರೆ ಎಂದರು. ಅವರ ಡಬ್ಬಿಯಲ್ಲಿ ಹರಳಿನ ಪೊಟ್ಟಣಗಳ ಜೊತೆ ಒಣಗಿದ ಬನ್ನಿ ಎಲೆಗಳೂ ಇರುತ್ತಿದ್ದವು. ತೇವ ಹೀರಲಿ ಎಂದು ಇಟ್ಟಿದ್ದಾರೆ ಅಂದುಕೊಂಡಿದ್ದೆ.

ಈ ವರ್ಷ ತಂಗಿ ಗೀತಾಂಜಲಿಗೆ ಹುನಗುಂದದಲ್ಲಿ ಮನೆತನ ಕೂಡಿಬಂತು. ಗೀತಾ ನರ್ಸ್. ಅಪ್ಪನ ಕೊನೆಯ ಹನ್ನೊಂದು ತಿಂಗಳು ಅವನ ಮಂಚದ ಪಕ್ಕದಲ್ಲಿ ಒಂದು ಆಕ್ಸಿಜನ್ ಮಷಿನ್ ಇತ್ತು. ಹನ್ನೆರಡು ವರ್ಷದ ಗೀತಾಳೇ ಅದನ್ನು ಹಚ್ಚುವವಳು, ಆರಿಸುವವಳು, ನಳಿಗೆ ತೊಳೆಯುವವಳು. ಕರೆಂಟು ಹೋದರೆ ಪಕ್ಕದ ಮನೆಯ ನೇಕಾರರು ತಮ್ಮ ಇನ್ವರ್ಟರಿನಿಂದ ಗೋಡೆ ಮೇಲೆ ವೈರು ಎಳೆದು ಕೊಡುತ್ತಿದ್ದರು, ತಾವು ಕತ್ತಲಲ್ಲಿ ಕೂರುತ್ತಿದ್ದರು. ಮಷಿನ್ ಕೊಟ್ಟವರು ಹುಬ್ಬಳ್ಳಿಯ ಯಾವುದೋ ಸಂಘದವರು ಎಂದು ಅವ್ವ ಹೇಳಿದ್ದಳು. ಹೆಸರು ಗೊತ್ತಿಲ್ಲದ ಆ ಸಂಘಕ್ಕೆ ನಾವು ಅಕ್ಕತಂಗಿ ಹತ್ತು ವರ್ಷ ಕೈ ಮುಗಿದಿದ್ದೇವೆ.

ಹುಡುಗ ಮಹಾಂತೇಶನದು ಔಷಧದ ಅಂಗಡಿ. ಗೀತಾ ಅವನನ್ನು ಮೆಚ್ಚಿದ್ದಳು, ಅವನೂ. ಸೋದರಮಾವ ಅಮಾತೆಪ್ಪ ನಡುವೆ ಓಡಾಡಿ ಮಾತು ಮುಗಿಸಿದ್ದ. ಹುಡುಗನ ತಾಯಿ ಚಂದವ್ವ ಹಾಕಿದ ಶರತ್ತು ಒಂದೇ. ಅವರ ಮನೆತನದಲ್ಲಿ ಸೊಸೆ ತವರಿನ ಮೂಗುಬಟ್ಟು ಇಟ್ಟುಕೊಂಡು ಹೊಸ್ತಿಲು ದಾಟಬೇಕು. ಹಿರಿಯ ಹೆಣ್ಣುಮಕ್ಕಳು ಮುಖಕ್ಕೆ ದೀಪ ಹಿಡಿದು ನೋಡುತ್ತಾರೆ. ಮೊದಲ ಸೊಸೆಯ ತವರಿನವರು ಗಾಜಿನ ಚೂರು ಕೂರಿಸಿ ಕಳಿಸಿದ್ದರಂತೆ, ಊರೆಲ್ಲ ನಕ್ಕಿತಂತೆ. ಅದಕ್ಕೇ ಈ ಸಲ ಪರೀಕ್ಷೆಯ ಕಾರ್ಡು ಬೇಕು ಎಂದಳು.

ನಮಗೆ ಅಂಜಿಕೆ ಇರಲಿಲ್ಲ. ಅವ್ವನ ಏಳು ಕೆಂಪಿನ ಮೂಗುಬಟ್ಟು ಓಣಿಗೇ ಗೊತ್ತು. ಗುಳೇದಗುಡ್ಡದ ರವಿಕೆ ಖಣದ ವ್ಯಾಪಾರ ಜೋರಿದ್ದ ಕಾಲದಲ್ಲಿ ಅಜ್ಜಿಗೆ ಅವಳ ತವರಿನವರು ಮಾಡಿಸಿದ್ದು, ಬರ್ಮಾದ ಹರಳು. ಅಪ್ಪ ಸತ್ತ ದಿನ ಅದನ್ನು ಬಿಚ್ಚಲು ಹಿರಿಯರು ಹೇಳಿದಾಗ ಅವ್ವ ಅಂದ ಮಾತು ಇನ್ನೂ ಓಣಿಯಲ್ಲಿದೆ: "ಉಸಿರ ನಿಂತದ್ದು ಅವರ್ದು. ಮೂಗ ನಂದೈತಿ."

ಮದುವೆಗೆ ಬಂಗಾರ ತೆಗೆಯುವ ದಿನ ಎರಡೂ ಮನೆಯವರು ನಮ್ಮ ಅಂಗಡಿಗೇ ಬಂದರು. ಅವ್ವ ತಡೆದು ತಡೆದು ಮೂಗುಬಟ್ಟು ಬಿಚ್ಚಿಕೊಟ್ಟಳು, ಅದು ಅವಳ ಮೂಗಿನಿಂದ ಇಳಿದದ್ದನ್ನು ನಾನು ಕಂಡದ್ದು ಅಂದೇ ಮೊದಲು. ನಾನು ಹೆಮ್ಮೆಯಿಂದ, ಎಲ್ಲರೂ ನೋಡಲಿ ಎಂದೇ, ಮೂಗುಬಟ್ಟನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ರೇಷ್ಮೆ ಹುಡುಕಿದೆ. ಬಾಗಿದ ಗೆರೆ ಕಂಡಿತು. ಎರಡನೆಯದರಲ್ಲೂ ಬಾಗಿದ ಗೆರೆ. ಏಳರಲ್ಲೂ.

ತಲೆ ಎತ್ತಿದರೆ ಚಂದವ್ವ ನಗುತ್ತ ನೋಡುತ್ತಿದ್ದಳು. ಅವ್ವ ನೆಲ ನೋಡುತ್ತಿದ್ದಳು. ದೀಪದ ಬೆಳಕು ಸಾಲದು, ಕಾರ್ಡು ನಾಡಿದ್ದು ಕೊಡುತ್ತೇನೆ ಎಂದೆ. ಈ ಕೆಲಸಕ್ಕೆ ಸೇರಿದ ಮೇಲೆ ಗಿರಾಕಿಯ ಮುಂದೆ ನಾನು ಹೇಳಿದ ಮೊದಲ ಸುಳ್ಳು ಅದು.

ಮರುದಿನ ರಜೆ ಹಾಕಿ ಇಳಕಲ್ಲಿನ ಬಸ್ಸು ಹತ್ತಿದೆ. ಚಾಚಾ ಕಟ್ಟೆಯ ಮೇಲೆಯೇ ಇದ್ದರು. ಮೂಗುಬಟ್ಟನ್ನು ಅವರ ಅಂಗೈಯಲ್ಲಿಟ್ಟೆ. ಅವರು ಭೂತಗನ್ನಡಿ ಮುಟ್ಟಲಿಲ್ಲ.

"ನಾನ ಕೂರಿಸಿದ್ದು," ಎಂದರು. "ಇನ್ನೂ ಒಂದೂ ಅಳ್ಳಾಡಿಲ್ಲ ನೋಡವಾ."

ಆಮೇಲೆ ಎಲ್ಲ ಹೇಳಿದರು. ಅಪ್ಪನಿಗೆ ಮಂಚದಿಂದ ಬಚ್ಚಲವರೆಗೆ ನಡೆದರೆ ಉಸಿರು ಸಿಗದಂತಾದ ದಿನಗಳು. ಒಂದು ಮಧ್ಯಾಹ್ನ ಅವ್ವ ಸೆರಗು ಹೊದ್ದುಕೊಂಡು ಬಂದು ಮೂಗುಬಟ್ಟು ಬಿಚ್ಚಿಟ್ಟಳಂತೆ. ಇವನ್ನು ಮಾರಿ ಉಸಿರಿನ ಮಷಿನ್ ತಂದುಕೊಡು, ಇವೇ ಅನ್ನುವಂಥ ಬೇರೆ ಏಳು ಇವತ್ತೇ ಕೂರಿಸು ಎಂದಳಂತೆ. ಅಪ್ಪನಿಗೆ ಗೊತ್ತಾದರೆ ನಳಿಗೆ ಕಿತ್ತೊಗೆಯುತ್ತಾನೆ ಎಂಬ ಅಂಜಿಕೆ ಅವಳಿಗೆ. ಚಾಚಾ ತಮ್ಮಲ್ಲಿದ್ದ ಭಟ್ಟಿಯ ಕೆಂಪಿನಲ್ಲಿ ಏಳು ಆರಿಸಿ ಕೂರಿಸಿದರು. ಹುಬ್ಬಳ್ಳಿಗೆ ಹೋಗಿ ಬರ್ಮಾದ ಹರಳು ಕೊಟ್ಟು, ಮಷಿನ್ನನ್ನು ಬಸ್ಸಿನಲ್ಲಿ ಪಕ್ಕದ ಸೀಟಿಗೆ ಕೂರಿಸಿ, ಅದಕ್ಕೂ ಟಿಕೀಟು ತೆಗೆಸಿ ತಂದರು.

ಹನ್ನೊಂದು ತಿಂಗಳು ಅಪ್ಪ ಆ ಮಷಿನ್ನಿನ ಉಸಿರಿನಲ್ಲಿ ಅವ್ವನ ಮುಖ ನೋಡುತ್ತ ಮಲಗಿದ್ದ. ನಿನ್ನ ಮೂಗಬಟ್ಟ ಹೊಳೀತಿರೂತನಾ ಮನ್ಯಾಗ ಏನೂ ಹೋಗಿಲ್ಲ ಬಿಡು ಎಂದು ಅವನು ಅನ್ನುತ್ತಿದ್ದುದು ನನಗೆ ನೆನಪಿದೆ. ಅವನು ನೋಡಿದ್ದು ಭಟ್ಟಿಯಲ್ಲಿ ಹುಟ್ಟಿದ ಹರಳನ್ನು. ಆ ಹೊಳಪಿನಲ್ಲಿ ಯಾವ ಕೊರತೆ ಇತ್ತು? ಕಲ್ಲು ತೆಗೆದೇ ಸತ್ತವನಿಗೆ ಕೊನೆಗಾಲದಲ್ಲಿ ಧೈರ್ಯ ಕೊಟ್ಟದ್ದು ಯಾರೂ ನೆಲಕ್ಕಿಳಿದು ಅಗೆಯದ ಕಲ್ಲು. ಬೆಲೆ ಕಟ್ಟುವವರು ಇದನ್ನು ಯಾವ ತಟ್ಟೆಗೆ ಹಾಕುತ್ತಾರೆ, ನಾನು ಕೇಳಬೇಕೆಂದಿದ್ದೇನೆ.

ಕೂಲಿ ಏನು ತೆಗೆದುಕೊಂಡಿರಿ ಎಂದು ಚಾಚಾರನ್ನು ಕೇಳಿದೆ. ಅವರು ಡಬ್ಬಿ ತೆರೆದು ಒಣ ಎಲೆಗಳನ್ನು ತೋರಿಸಿದರು. ದಸರೆಯ ಸಂಜೆ ನಮ್ಮ ಕಡೆ ಬನ್ನಿ ಎಲೆಯನ್ನೇ ಬಂಗಾರವೆಂದು ಕೊಟ್ಟು ತೆಗೆದುಕೊಳ್ಳುತ್ತೇವೆ. ಆ ವರ್ಷದಿಂದ ಅವ್ವ ಪ್ರತಿ ದಸರೆಗೆ ತಪ್ಪದೆ ಇವರ ಕಟ್ಟೆಗೆ ಬಂದು ಬನ್ನಿ ಕೊಟ್ಟಿದ್ದಳು.

"ಬಂಗಾರ ಕೊಟ್ಟ ಮ್ಯಾಲ ಕೂಲಿ ಎಂಥದ್ದು?" ಎಂದರು ಚಾಚಾ. "ಒಂದೂ ಒಗದಿಲ್ಲ ನಾ."

ಮನೆಗೆ ಹೋದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಗೀತಾ ಹಂಚಿನ ಮುಂದೆ ಕೂತಿದ್ದಳು.

"ಹುಬ್ಬಳ್ಳಿ ಸಂಘದವರು ನೀನ ಏನವಾ?" ಎಂದೆ.

ಅವ್ವ ತಿರುಗಲಿಲ್ಲ. "ರೊಟ್ಟಿ ಹೊತ್ತಾಕತ್ತೈತಿ, ಅತ್ತಾಗ ಸರಿ," ಎಂದಳು.

ಗೀತಾಳಿಗೆ ಹೇಳಿದೆ. ಅವಳು ಅಳಲಿಲ್ಲ. ಎದ್ದು ಅವ್ವನ ಹಿಟ್ಟಿನ ಕೈಗಳನ್ನು ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. ಹತ್ತು ವರ್ಷ ಹೆಸರು ಗೊತ್ತಿಲ್ಲದವರಿಗೆ ಮುಗಿದ ಕೈ ಗೀತಾಳದು. ಆ ನಮಸ್ಕಾರ ಸಲ್ಲಬೇಕಾದವಳು ದಿನಾ ನಮಗೆ ರೊಟ್ಟಿ ಬಡಿಯುತ್ತ ಎದುರಿಗೇ ಕೂತಿದ್ದಳು.

ಸಂಜೆ ಅಮಾತೆಪ್ಪ ಮಾವ ಬಂದ. ಸಂಗತಿ ಕೇಳಿ ಗೋಡೆಗೆ ಒರಗಿ ಕೂತ. ಅವ್ವನ ಬಗ್ಗೆ ಅವನಿಗೂ ಹೆಮ್ಮೆಯೇ, ಆದರೆ ಈ ಸಂಬಂಧ ಕೂಡಿಸಲು ಅವನು ಎರಡು ಜೊತೆ ಚಪ್ಪಲಿ ಸವೆಸಿದ್ದ. ಕಾರ್ಡಿನಲ್ಲಿ ಗಣಿಯದು ಎಂದು ಒಂದು ಶಬ್ದ ಬರೆದರೆ ನಿನ್ನ ಗಂಟೇನು ಹೋಗುತ್ತದೆ, ಎರಡೂ ಕೆಂಪೇ ಎಂದು ನೀನೇ ಹೇಳುತ್ತೀಯಲ್ಲ ಎಂದು ನನ್ನನ್ನು ಕೇಳಿದ. ಒಂದು ಗಳಿಗೆ ನನಗೂ ಬರೆಯೋಣ ಅನ್ನಿಸಿತು. ಆದರೆ ನಮ್ಮ ಮನೆಯಲ್ಲಿ ಸುಳ್ಳು ಬರೆದ ಚೀಟಿ ಒಂದು ಆಗಲೇ ಇದೆ, ಟ್ರಂಕಿನಲ್ಲಿ, ಟಿ.ಬಿ. ಎಂದು. ಗೀತಾಳನ್ನು ಕೇಳಿದೆ. ಕಂಡದ್ದು ಬರಿ ಎಂದಳು. ಹಾಗೆ ಹೇಳುವಾಗ ಅವಳ ಕೈಯಲ್ಲಿದ್ದ ಫೋನಿನಲ್ಲಿ ಮಹಾಂತೇಶನ ಹೆಸರು ಮಿನುಗುತ್ತಿತ್ತು. ಅವಳು ಎತ್ತಿರಲಿಲ್ಲ.

ಮರುದಿನ ಮತ್ತೆ ಎಲ್ಲರೂ ಅಂಗಡಿಯಲ್ಲಿ ಕೂಡಿದರು. ಕಾರ್ಡಿನ ಮೇಲೆ ನಾನು ಬರೆದಿದ್ದೆ: ಕೆಂಪು, ಏಳು, ಮನುಷ್ಯರು ಬೆಳೆಸಿದ್ದು. ಚಂದವ್ವ ಓದಿದಳು. ಎರಡು ಸಲ ಓದಿದಳು. ನಾನು ಏನನ್ನೂ ಮುಚ್ಚಿಡದೆ ಹೇಳಿದೆ: ಕ್ವಾರಿ, ಮಷಿನ್, ಚಾಚಾ, ಬನ್ನಿ. ಮಹಾಂತೇಶ ಗೀತಾಳನ್ನೇ ನೋಡುತ್ತಿದ್ದ.

ಚಂದವ್ವ ಕೆಟ್ಟವಳಲ್ಲ. ಎದ್ದು ಬಂದು ಅವ್ವನ ಪಕ್ಕದಲ್ಲಿ ಕೂತಳು. "ಬೀಗತಿ, ನಾ ಆಗಿದ್ರ ಇಷ್ಟ ಎದಿಗಾರಿಕಿ ಮಾಡ್ತಿದ್ದಿಲ್ಲ," ಎಂದು ಕಣ್ಣೊರೆಸಿಕೊಂಡಳು. ನನಗೆ ನೆಲ ಕಾಲಿಗೆ ಸಿಕ್ಕಂತಾಯಿತು. ಮದುವೆ ಉಳಿಯಿತು ಅಂದುಕೊಂಡೆ.

ಆಮೇಲೆ ಅವಳು ಸಾವ್ಕಾರರ ಕಡೆ ತಿರುಗಿ, ಗಣಿಯ ಕೆಂಪು ಇದ್ದರೆ ತೋರಿಸಿರಿ ಎಂದಳು. ಹಿರಿಯರು ದೀಪ ಹಿಡಿದು ನೋಡುವಾಗ ಮಂದಿಯ ಬಾಯಿ ಮುಚ್ಚಿಸುವವರು ಯಾರು? ಏಳು ಹರಳು ತನ್ನ ಕಡೆಯಿಂದಲೇ, ಈ ಬಡವರಿಗೆ ಭಾರ ಬೇಡ, ಹಳೆಯವನ್ನು ಕಿತ್ತು ಇವನ್ನು ಕೂರಿಸಿದರೆ ಕತೆ ಇಲ್ಲಿಗೇ ಮುಗಿಯುತ್ತದೆ, ಹೊರಗೆ ಯಾರಿಗೂ ಗೊತ್ತಾಗುವುದು ಬೇಡ ಎಂದಳು. ಸಾವ್ಕಾರರು ಕಪ್ಪು ಮಖಮಲ್ಲಿನ ತಟ್ಟೆ ತಂದಿಟ್ಟರು. ಒಂದೊಂದು ಹರಳೂ ಚಂದ. ಒಂದೊಂದೂ ಯಾವುದೋ ದೇಶದಲ್ಲಿ ಯಾರೋ ಇಳಿದು ತಂದದ್ದು.

"ನಿನಗ ಮನಸ್ಸ ಬಂದವು ಏಳು ಆರಿಸವಾ," ಎಂದಳು ಚಂದವ್ವ. ಅವಳ ದನಿಯಲ್ಲಿ ಪ್ರೀತಿಯೇ ಇತ್ತು.

ಮಾವನ ಮುಖ ಅರಳಿತ್ತು. ಲಗೂ ಆರಿಸು, ಇಂಥ ಅತ್ತಿ ಯಾರಿಗೆ ಸಿಗ್ತಾಳ ಎಂದು ಅವಸರ ಮಾಡಿದ. ಅವ್ವ ಕೂಡ, ಹಿರಿಯರು ಹೇಳುತ್ತಿದ್ದಾರೆ, ನನ್ನ ಮುಖ ನೋಡಬೇಡ, ಆರಿಸು ಎಂದಳು. ಸಾವ್ಕಾರರು ಚಿಮುಟವನ್ನು ಗೀತಾಳ ಕೈಗೆ ಕೊಟ್ಟರು.

ಗೀತಾ ಚಿಮುಟವನ್ನು ತಟ್ಟೆಯ ಪಕ್ಕದಲ್ಲಿಟ್ಟಳು.

"ಗಣಿ ಹರಳ ನಮ್ಮನ್ಯಾಗೂ ಇದ್ದುವ್ರಿ ಅತ್ತಿ," ಎಂದಳು. "ನಮ್ಮಪ್ಪಗ ಹನ್ನೊಂದ ತಿಂಗಳ ಉಸಿರಾಗಿ ತೀರಿದ್ವು. ಅವಕ್ಕ ಅದಕ್ಕಿಂತ ಹೆಚ್ಚಿನ ಬೆಲೆ ಇರಂಗಿಲ್ಲ. ನಮ್ಮವ್ವನ ಮೂಗಬಟ್ಟಿನ ಈ ಏಳು ಅಕಿ ಗುಟ್ಟ ಕಾದಾವು, ಇವನ್ನ ಇಟಗೊಂಡ ಹೊಸ್ತಿಲ ದಾಟ್ತೇನಿ. ಯಾರರ ಕೇಳಿದ್ರ, ಭಟ್ಟ್ಯಾಗ ಬೆಳದಾವು ಅಂತ ದೀಪದ ಮುಂದ ನಿಂತ ನಾನ ಹೇಳ್ತೇನಿ."

ಚಂದವ್ವ ತಟ್ಟೆಯನ್ನು ಅವಳ ಕಡೆಗೆ ಇನ್ನೊಂದಿಷ್ಟು ಸರಿಸಿದಳು.

"ಬ್ಯಾಡ್ರಿ," ಎಂದಳು ಗೀತಾ. "ನಾ ಆರಿಸೂದಿಲ್ಲ."